ಅಕ್ರಾದಲ್ಲಿ ಸರ್ಕಾರಿ ಕಚೇರಿ ತಲುಪುವುದು ಹೇಗೆ?

ಘಾನಾದ ರಾಜಧಾನಿ ಅಕ್ರಾದಲ್ಲಿ ಯಾವುದಾದರೂ ಸಚಿವಾಲಯದಲ್ಲಿ ಕೆಲಸವಿದ್ದರೆ, ಹೊರಡುವ ಮುನ್ನ ವಿಳಾಸದ ಜತೆಗೆ ಅದರ ಸಮೀಪದ ಗುರುತೊಂದನ್ನೂ ಬರೆದಿಟ್ಟುಕೊಳ್ಳಬೇಕು. 2017ರಿಂದ ಅಲ್ಲಿ ಅಕ್ಷರ, ಅಂಕಿಗಳು ಕೂಡಿದ ಡಿಜಿಟಲ್ ವಿಳಾಸ ಬಳಕೆಯಲ್ಲಿದೆ; ‘ಜಿಎ’ ಎಂದು ಶುರುವಾದರೆ ಅದು ಗ್ರೇಟರ್ ಅಕ್ರಾ ಪ್ರಾಂತದ ಅಕ್ರಾ ನಗರದ್ದು. ಮೊಬೈಲಿಗೆ ಇದು ಸಾಕು. ಆದರೆ ದಾರಿಯಲ್ಲಿ ನಿಂತು ಕೇಳುವಾಗ ಕಟ್ಟಡ, ಮಾರುಕಟ್ಟೆ, ವೃತ್ತಗಳ ಹೆಸರೇ ಕೈಹಿಡಿಯುತ್ತದೆ.

ಹೆಚ್ಚಿನ ಸಚಿವಾಲಯಗಳಿರುವ ಪ್ರದೇಶಕ್ಕೆ ‘ಮಿನಿಸ್ಟ್ರೀಸ್’ ಎಂದೇ ಹೆಸರು. ನಗರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಲಿಬರೇಶನ್ ರಸ್ತೆ ಹಿಡಿದು ದಕ್ಷಿಣಕ್ಕೆ ಸಾಗಿದರೆ ಮೊದಲು 37 ಮಿಲಿಟರಿ ಆಸ್ಪತ್ರೆ, ಆಮೇಲೆ ಅಧ್ಯಕ್ಷರ ಕಚೇರಿಯಾದ ಜುಬಿಲಿ ಹೌಸ್ ಸಿಗುತ್ತವೆ. ಅಶಾಂತಿ ಅರಸರ ಚಿನ್ನದ ಪೀಠವನ್ನು ನೆನಪಿಸುವ ಆಕಾರದ ಈ ಭವನವನ್ನು ಭಾರತದ ಸಾಲದ ನೆರವಿನಿಂದ ಭಾರತದ್ದೇ ಕಂಪನಿ ಕಟ್ಟಿತು ಎಂಬುದು ನಮ್ಮವರಿಗೆ ನೆನಪಿನಲ್ಲಿ ಉಳಿಯುವ ಗುರುತು. ಮುಂದೆ ಇಂಡಿಪೆಂಡೆನ್ಸ್ ಅವೆನ್ಯೂದಲ್ಲಿ ಹಡಗಿನಂಥ ರಾಷ್ಟ್ರೀಯ ರಂಗಮಂದಿರ ಕಂಡಿತೆಂದರೆ ಮಿನಿಸ್ಟ್ರೀಸ್ ಹತ್ತಿರವಾಯಿತೆಂದೇ ಅರ್ಥ.

ಕಡಿಮೆ ಖರ್ಚಿನಲ್ಲಿ ಹೋಗುವವರಿಗೆ ಟ್ರೋಟ್ರೋ ಎಂಬ ಹಂಚಿಕೆಯ ವ್ಯಾನುಗಳಿವೆ. ಅದರ ನಿರ್ವಾಹಕನನ್ನು ‘ಮೇಟ್’ ಎನ್ನುತ್ತಾರೆ. ಆತ ತೋರುಬೆರಳನ್ನು ಕೆಳಮುಖವಾಗಿ ಸುತ್ತಿಸಿದರೆ ವ್ಯಾನು, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಹೆಸರಿನ ವೃತ್ತದ ಕಡೆಗೆ ಹೋಗುತ್ತದೆ. ಹತ್ತುವ ಮೊದಲೇ ಇಳಿಯುವ ಜಾಗ ಹೇಳಿ, ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ.

ಕಚೇರಿಯೊಳಗೆ ನೇರವಾಗಿ ಕೆಲಸದ ಮಾತೆತ್ತಬಾರದು. ಮೊದಲು ನಮಸ್ಕಾರ ಹೇಳಿ, ಮರು ನಮಸ್ಕಾರ ಬಂದ ಮೇಲೆಯೇ ವಿಷಯಕ್ಕೆ ಬರಬೇಕು. ಕಾಗದ, ಹಣ ಎಲ್ಲವನ್ನೂ ಬಲಗೈಯಲ್ಲೇ ಕೊಡಬೇಕು. ನಮ್ಮೂರಿನಲ್ಲಿ ಅಜ್ಜಿಯರು ಕಲಿಸಿದ ಇದೇ ಪಾಠವನ್ನು ಅಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಮಧ್ಯಾಹ್ನದ ನಂತರ ಬರಲು ಹೇಳಿದರೆ ಆ ಸಮಯ ವ್ಯರ್ಥವಾಗಬೇಕಿಲ್ಲ. ದಕ್ಷಿಣಕ್ಕೆ ನಡೆದರೆ 28 ಫೆಬ್ರವರಿ ರಸ್ತೆ ಸಿಗುತ್ತದೆ. 1948ರ ಆ ದಿನ ಬಾಕಿ ಸವಲತ್ತು ಕೇಳಲು ಮೆರವಣಿಗೆ ಹೊರಟ ಮೂವರು ಮಾಜಿ ಸೈನಿಕರು ಗುಂಡೇಟಿಗೆ ಬಲಿಯಾಗಿದ್ದರು. ಪಕ್ಕದಲ್ಲೇ ಸಮುದ್ರಕ್ಕೆ ಮುಖ ಮಾಡಿದ ಬ್ಲ್ಯಾಕ್ ಸ್ಟಾರ್ ಚೌಕವಿದೆ. ಹೈ ಸ್ಟ್ರೀಟಿನ ಎನ್‌ಕ್ರುಮಾ ಸಮಾಧಿ ಇರುವುದು, 1957ರ ಮಾರ್ಚ್ 6ರ ನಡುರಾತ್ರಿ ಅವರು ಸ್ವಾತಂತ್ರ್ಯ ಘೋಷಿಸಿದ ಹಳೆಯ ಪೋಲೊ ಮೈದಾನದಲ್ಲೇ. ಮಕೋಲಾ ಮಾರುಕಟ್ಟೆಯನ್ನು ಮಾತ್ರ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅದರ ಜನಜಂಗುಳಿಯಲ್ಲಿ ಹೊಕ್ಕವರು ಕಚೇರಿ ಬಾಗಿಲು ಹಾಕುವ ಮೊದಲು ಹೊರಬರುವುದು ಕಷ್ಟ.