ಮ್ಯಾಕ್ಸಿಮಮ್ ಕಾರ್ಡ್: ಕಾರ್ಡ್ ಮೊದಲು, ಚೀಟಿ ಆಮೇಲೆ

ಚಿತ್ರದ ಕಾರ್ಡ್, ಅದಕ್ಕೆ ಹೊಂದುವ ಅಂಚೆ ಚೀಟಿ, ಅಂಚೆ ಕಚೇರಿಯ ಠಸ್ಸೆ ಈ ಮೂರನ್ನೂ ಒಂದುಗೂಡಿಸುವ ಮ್ಯಾಕ್ಸಿಮಮ್ ಕಾರ್ಡಿಗೆ ಹೊಸದಾಗಿ ಕೈ ಹಾಕುವವರು ಸಾಮಾನ್ಯವಾಗಿ ಅಂಚೆ ಚೀಟಿಯಿಂದ ಶುರು ಮಾಡುತ್ತಾರೆ. ಹೊಸ ಚೀಟಿ ಬಂತು, ಅದಕ್ಕೊಂದು ಕಾರ್ಡ್ ಹುಡುಕೋಣ ಎಂದು ಹೊರಡುತ್ತಾರೆ. ಕಾರ್ಡ್ ಸಿಗುವುದಿಲ್ಲ. ಕೊನೆಗೆ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿ ಪ್ರಿಂಟ್ ಹಾಕಿಸುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ನಾನು ಹಿಡಿದಿರುವ ದಾರಿ ಇದಕ್ಕೆ ತಿರುಗುಮುರುಗು. ಒಳ್ಳೆಯ ಚಿತ್ರ ಕಾರ್ಡ್ ಎಲ್ಲಿ ಕಂಡರೂ ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳುತ್ತೇನೆ, ಚೀಟಿ ಬರುವವರೆಗೆ ಕಾಯುತ್ತೇನೆ. ಚೀಟಿ ಅಂಚೆ ಕಚೇರಿಯಲ್ಲೋ ವ್ಯಾಪಾರಿಗಳ ಹತ್ತಿರವೋ ಸಿಕ್ಕೇ ಸಿಗುತ್ತದೆ, ಠಸ್ಸೆಯನ್ನು ಹೋಗಿ ಒತ್ತಿಸಿಕೊಳ್ಳಬಹುದು. ಮೂರರಲ್ಲಿ ನಿಜವಾಗಿ ಅಪರೂಪದ್ದು ಕಾರ್ಡ್.

ಮ್ಯಾಕ್ಸಿಮಮ್ ಕಾರ್ಡ್ ಎಂದರೆ ಪಿಕ್ಚರ್ ಪೋಸ್ಟ್‌ಕಾರ್ಡಿನ ಚಿತ್ರದ ಬದಿಗೆ ಒಂದೇ ಒಂದು ಅಂಚೆ ಚೀಟಿ ಅಂಟಿಸಿ, ಚೀಟಿಯನ್ನೂ ಕಾರ್ಡನ್ನೂ ಸೇರಿಸಿ ಠಸ್ಸೆ ಒತ್ತಿಸಿದ್ದು. ಮೂರರ ನಡುವೆ ವಿಷಯ ಹೊಂದಬೇಕು, ಸ್ಥಳ ಹೊಂದಬೇಕು, ಕಾಲ ಹೊಂದಬೇಕು. ವಿಷಯದ ಹೊಂದಿಕೆ ಇಲ್ಲದಿದ್ದರೆ ಅದು ಮ್ಯಾಕ್ಸಿಮಮ್ ಕಾರ್ಡೇ ಅಲ್ಲ. ಸ್ಥಳ ಮತ್ತು ಕಾಲ ಎಷ್ಟು ಹತ್ತಿರವಾದರೆ ಅಷ್ಟು ಬೆಲೆ.

ಹೊಂದಿಕೆ ಎಂದರೇನು ಎಂದು ತೋರಿಸಲು ನನಗೆ ಇಷ್ಟವಾದ ಉದಾಹರಣೆ ಗೋಳಗುಮ್ಮಟ. ಸ್ವತಂತ್ರ ಭಾರತದ ಮೊದಲ ನಿತ್ಯಬಳಕೆಯ ಚೀಟಿಗಳ ಮಾಲಿಕೆ 1949ರ ಆಗಸ್ಟ್ 15ರಂದು ಬಂತು. ಅದರಲ್ಲಿ 6 ಅಣೆಯ ಚೀಟಿಯ ಮೇಲೆ ಗೋಳಗುಮ್ಮಟವಿದೆ. ಅದೇ ಕಾಲದಲ್ಲಿ ಮಾರಾಟಕ್ಕಿದ್ದ ಗುಮ್ಮಟದ ಕಪ್ಪು ಬಿಳುಪು ಕಾರ್ಡ್, ಅದರ ಮೇಲೆ ಈ ಚೀಟಿ, 1949 ಅಥವಾ ಅದರ ಆಸುಪಾಸಿನ ಬಿಜಾಪುರದ ಠಸ್ಸೆ. ಇಷ್ಟಿದ್ದರೆ ಮೂರೂ ಹೊಂದಿಕೆ ಪೂರ್ತಿ. ಅದೇ ಕಾರ್ಡಿಗೆ ದೆಹಲಿಯ ಠಸ್ಸೆ ಬಿದ್ದಿದ್ದರೆ ಸ್ಥಳ ಹೋಯಿತು. ಹಳೆಯ ಅಣೆ ಚೀಟಿ ಕೊಂಡು ಇವತ್ತಿನ ತಾರೀಖಿನ ಠಸ್ಸೆ ಒತ್ತಿಸಿದರೆ ಕಾಲ ಹೋಯಿತು. ಇಂಥ ಹಳೆಯದನ್ನು ನಾವು ತಯಾರಿಸುವಂತಿಲ್ಲ, ಆಗಲೇ ಆಗಿದ್ದನ್ನು ಹುಡುಕಿ ಕೊಳ್ಳಬೇಕು.

ಕಾರ್ಡಿನ ಅಳತೆಗೆ ಬರೋಣ. ಎಫ್‌ಐಪಿ ಎಂದು ಕರೆಯುವ, ಅಂಚೆ ಚೀಟಿ ಸಂಗ್ರಹದ ಅಂತರರಾಷ್ಟ್ರೀಯ ಒಕ್ಕೂಟದ ನಿಯಮಗಳಲ್ಲಿ ಬಹುಕಾಲದಿಂದ ಇರುವ ಅಳತೆ ಎಂದರೆ ಹೆಚ್ಚೆಂದರೆ 105 × 148 ಮಿ.ಮೀ., ಕಡಿಮೆಯೆಂದರೆ 90 × 140 ಮಿ.ಮೀ. ಕಾರ್ಡಿನ ಮುಕ್ಕಾಲು ಭಾಗ, ಅಂದರೆ 75 ಶೇಕಡಾ ಜಾಗ ಚಿತ್ರಕ್ಕೆ ಮೀಸಲಾಗಿರಬೇಕು. ಅಗಲ ಬಿಳಿ ಅಂಚಿನ ಕಾರ್ಡ್, ನಾಲ್ಕೈದು ದೃಶ್ಯ ಜೋಡಿಸಿದ ಕಾರ್ಡ್ ಎರಡನ್ನೂ ನಾನು ಮುಟ್ಟುವುದಿಲ್ಲ. ಪ್ರವಾಸಿ ತಾಣಗಳಲ್ಲಿ ಈಗ ಮಾರುವ ಕಾರ್ಡುಗಳಲ್ಲಿ ತುಂಬ ದೊಡ್ಡವೂ ಇರುತ್ತವೆ. ಅವನ್ನು ಕತ್ತರಿಸಿ ಸಣ್ಣದು ಮಾಡಿದರೆ ಹಿಂಬದಿಯ ಮುದ್ರಣ ತುಂಡಾಗಿ ಗುಟ್ಟು ಬಯಲಾಗುತ್ತದೆ. ಹಾಗಾಗಿ ಜೇಬಿನಲ್ಲಿ ಒಂದು ಆರಿಂಚಿನ ಸ್ಕೇಲ್ ಇಟ್ಟುಕೊಂಡು ಅಂಗಡಿಯಲ್ಲೇ ಅಳೆಯುವುದು ಒಳ್ಳೆಯದು.

ಸ್ಟುಡಿಯೋದಲ್ಲಿ ಫೋಟೊ ಪ್ರಿಂಟ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ನಾಲ್ಕು ಆರು ಎಂದು ಕೇಳಿದರೆ ಸಿಗುವ ಪ್ರಿಂಟ್ ಸುಮಾರು 102 × 152 ಮಿ.ಮೀ. ಉದ್ದದಲ್ಲಿ 4 ಮಿ.ಮೀ. ಹೆಚ್ಚಾಯಿತು. ಪ್ರಿಂಟ್ ಹಾಕುವ ಮೊದಲೇ ಫೈಲಿನಲ್ಲಿ ಅಳತೆ ಸರಿಮಾಡಿಸಿ. ಆದರೆ ಪ್ರಿಂಟ್ ಹಾಕಿಸುವುದು ಕೊನೆಯ ದಾರಿ. ಅಂಗಡಿಯಲ್ಲಿ ಮಾರಾಟಕ್ಕಿದ್ದ, ಚೀಟಿ ಬರುವ ಮೊದಲೇ ಅಚ್ಚಾಗಿದ್ದ ಕಾರ್ಡಿಗೆ ಇರುವ ಮಾನ ಮನೆಯ ಪ್ರಿಂಟಿಗೆ ಇಲ್ಲ. ಅನಿವಾರ್ಯವಾದರೆ ಮೊದಲೇ ಇದ್ದ ಒಂದು ಫೋಟೊ, ವರ್ಣಚಿತ್ರ ಅಥವಾ ಶಿಲ್ಪವನ್ನು ಕಾರ್ಡ್ ಮಾಡಿಸಿ. ಚೀಟಿಯನ್ನೇ ಹಿಗ್ಗಿಸಿದ ಕಾರ್ಡ್ ಪ್ರದರ್ಶನದಲ್ಲಿ ನಿಲ್ಲುವುದಿಲ್ಲ. ಚಿತ್ರದ ಅಂಚು ಚೀಟಿಯ ಅಂಚಿಗೆ ಕೂದಲೆಳೆಯಷ್ಟೂ ಬಿಡದೆ ಹೊಂದುತ್ತಿದ್ದರೆ, ಎಲ್ಲೋ ಮೂಲೆಯಲ್ಲಿ ಅಳಿಸಿದ ಅಕ್ಷರದ ಕಲೆ ಕಂಡರೆ ಅದು ಚೀಟಿಯ ನಕಲು ಎಂದೇ ತಿಳಿಯಿರಿ. ಮಾರಾಟಕ್ಕೆ ಬರುವ ಹೊಸ ಕಾರ್ಡುಗಳಲ್ಲಿ ಇಂಥವು ಬೇಕಾದಷ್ಟಿವೆ.

ವಿಷಯದ ಹೊಂದಿಕೆ ಹೆಚ್ಚಾಗಿ ತಪ್ಪುವುದು ವ್ಯಕ್ತಿಗಳ ಚೀಟಿಯಲ್ಲಿ. 1960ರ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಅವರ ಗೌರವಕ್ಕೆ 15 ನಯೇ ಪೈಸೆಯ ಚೀಟಿ ಬಂತು. ಇದಕ್ಕೆ ಕನ್ನಂಬಾಡಿ ಕಟ್ಟೆಯ ಕಾರ್ಡ್ ಬಳಸುವವರಿದ್ದಾರೆ. ಚೀಟಿಯಲ್ಲಿ ಇರುವುದು ವ್ಯಕ್ತಿ, ಕಾರ್ಡಿನಲ್ಲಿ ಇರುವುದು ಅಣೆಕಟ್ಟು. ನೆನಪಿನಲ್ಲಿ ಅವೆರಡೂ ಒಂದೇ ಇರಬಹುದು, ಕಣ್ಣಿಗೆ ಬೇರೆ ಬೇರೆ. ಇಲ್ಲಿ ಬೇಕಾದದ್ದು ಅವರ ಭಾವಚಿತ್ರದ ಕಾರ್ಡ್, ಠಸ್ಸೆ ಬೆಂಗಳೂರಿನದೋ ಹುಟ್ಟೂರು ಮುದ್ದೇನಹಳ್ಳಿ ಕಡೆಯದೋ ಆಗಬೇಕು. ಸಿ.ವಿ. ರಾಮನ್ ಅವರ ಚೀಟಿ 1971ರ ನವೆಂಬರ್ 21ರದ್ದು, ಅವರು ತೀರಿಕೊಂಡು ಸರಿಯಾಗಿ ಒಂದು ವರ್ಷಕ್ಕೆ ಬಂದದ್ದು. ರಾಮನ್ ಪರಿಣಾಮ ಕಂಡುಹಿಡಿದದ್ದು ಕೋಲ್ಕತ್ತದಲ್ಲಿ, ಸಂಸ್ಥೆ ಕಟ್ಟಿ ಕೊನೆಯವರೆಗೆ ಇದ್ದದ್ದು ಬೆಂಗಳೂರಿನಲ್ಲಿ. ಎರಡೂ ಊರಿನ ಠಸ್ಸೆ ಸಲ್ಲುತ್ತದೆ, ಆದರೆ ಯಾಕೆ ಆ ಊರು ಎಂಬ ಒಂದು ಸಾಲು ಕಾರ್ಡಿನ ಕೆಳಗೆ ಬರೆದಿರಬೇಕು.

ಕ್ಯಾಮೆರಾ ಬರುವ ಮೊದಲಿನವರದ್ದು ಇನ್ನೊಂದು ಬಗೆಯ ತೊಡಕು. 1967ರ ಬಸವೇಶ್ವರರ ಚೀಟಿಗೆ, 1977ರ ಕಿತ್ತೂರು ರಾಣಿ ಚೆನ್ನಮ್ಮನ ಚೀಟಿಗೆ ಫೋಟೊ ಇರಲು ಸಾಧ್ಯವಿಲ್ಲ. ಚೀಟಿಯ ಕಲಾವಿದ ಯಾವ ವರ್ಣಚಿತ್ರ ಅಥವಾ ಪ್ರತಿಮೆ ನೋಡಿ ಬರೆದಿದ್ದಾನೋ ಅದರ ಕಾರ್ಡ್ ಸಿಕ್ಕರೆ ಚಿನ್ನ. ಬಿಡುಗಡೆಯ ದಿನ ಅಂಚೆ ಇಲಾಖೆ ಕೊಡುವ ಮಾಹಿತಿ ಪತ್ರವನ್ನು ಇದಕ್ಕಾಗಿಯೇ ತೆಗೆದಿಡಬೇಕು, ಚಿತ್ರದ ಮೂಲದ ಸುಳಿವು ಕೆಲವೊಮ್ಮೆ ಅದರಲ್ಲೇ ಇರುತ್ತದೆ.

ಶಿಲ್ಪಗಳಲ್ಲಿ ಮೋಸ ಹೋಗುವುದು ಬಾಹುಬಲಿಯ ವಿಷಯದಲ್ಲಿ. 1981ರ ಫೆಬ್ರವರಿಯಲ್ಲಿ ಬಂದ ಗೊಮ್ಮಟೇಶ್ವರನ ಚೀಟಿ ಶ್ರವಣಬೆಳಗೊಳದ ಮೂರ್ತಿಯದು, ಸಾವಿರ ವರ್ಷದ ಮಹಾಮಸ್ತಕಾಭಿಷೇಕದ ಸಂದರ್ಭದ್ದು. ಕಾರ್ಕಳ, ವೇಣೂರು, ಧರ್ಮಸ್ಥಳಗಳಲ್ಲೂ ಬಾಹುಬಲಿ ನಿಂತಿದ್ದಾನೆ. ಹಳೆಯ ಕಾರ್ಡುಗಳಲ್ಲಿ ಬರೀ ‘ಬಾಹುಬಲಿ’ ಎಂದಷ್ಟೇ ಅಚ್ಚಾಗಿದ್ದರೆ ಮುಖ, ಹಿನ್ನೆಲೆಯ ಕಟ್ಟಡ, ಕಾಲ ಬಳಿಯ ಹುತ್ತ ಮತ್ತು ಬಳ್ಳಿ ಇಷ್ಟನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡದೆ ಚೀಟಿ ಅಂಟಿಸಬೇಡಿ.

ಜೋಗಕ್ಕೂ ಇದೇ ಮಾತು. 2003ರಲ್ಲಿ ಬಂದ ಜಲಪಾತಗಳ ಚೀಟಿಗಳಲ್ಲಿ ಜೋಗವೂ ಒಂದು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆಯಾಗಿ ಕಾಣುವುದು ನೀರು ಹದವಾಗಿದ್ದಾಗ ಮಾತ್ರ. ಭಾರಿ ಮಳೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಬೇಸಿಗೆಯಲ್ಲಿ ದಾರದ ಎಳೆಯಾಗುತ್ತವೆ. ಚೀಟಿಯಲ್ಲಿ ಎಷ್ಟು ನೀರಿದೆಯೋ ಕಾರ್ಡಿನಲ್ಲೂ ಸುಮಾರು ಅಷ್ಟೇ ಇರಬೇಕು, ಕ್ಯಾಮೆರಾ ನಿಂತ ಬದಿಯೂ ಅದೇ ಇರಬೇಕು. ಇಲ್ಲದಿದ್ದರೆ ಹೆಸರು ಒಂದೇ ಆದರೂ ಚಿತ್ರ ಒಂದೇ ಎನಿಸುವುದಿಲ್ಲ.

ಇನ್ನು ಠಸ್ಸೆ. ಮೂರು ಬಗೆ ನಮಗೆ ಸಿಗುತ್ತವೆ. ಬಿಡುಗಡೆಯ ದಿನ ಫಿಲಾಟೆಲಿ ಬ್ಯೂರೋಗಳಲ್ಲಿ, ಅಂದರೆ ಸಂಗ್ರಾಹಕರಿಗಾಗಿ ಇರುವ ಅಂಚೆ ವಿಭಾಗಗಳಲ್ಲಿ, ಒತ್ತುವ ಮೊದಲ ದಿನದ ಚಿತ್ರಮುದ್ರೆ (ಚಿತ್ರವಿರುವ ಠಸ್ಸೆ) ಒಂದು, ಪ್ರವಾಸಿ ತಾಣಗಳ ಅಂಚೆ ಕಚೇರಿಗಳಲ್ಲಿ ವರ್ಷವಿಡೀ ಸಿಗುವ ಶಾಶ್ವತ ಚಿತ್ರಮುದ್ರೆ ಇನ್ನೊಂದು, ದಿನನಿತ್ಯದ ತಾರೀಖು ಠಸ್ಸೆ ಮೂರನೆಯದು. ಚಿತ್ರಮುದ್ರೆಯೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಸರಿಯಾದ ಊರಿನ ಸಾದಾ ಠಸ್ಸೆ ತಪ್ಪು ಊರಿನ ಚಂದದ ಚಿತ್ರಮುದ್ರೆಗಿಂತ ಮೇಲು. 2008ರ ಮೈಸೂರು ದಸರಾ ಚೀಟಿಗೆ ಮೈಸೂರಿನ ಸಾದಾ ಠಸ್ಸೆಯೇ ಸಾಕು, ದಸರೆಯ ದಿನಗಳಲ್ಲಿ ಬಿದ್ದಿದ್ದರೆ ಇನ್ನೂ ಒಳ್ಳೆಯದು.

ಚೀಟಿ ಅಂಟಿಸುವ ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು. ಕೌಂಟರಿನ ಎದುರು ನಿಂತು ಎಂಜಲು ಹಚ್ಚಿ ಅಂಟಿಸಿದರೆ ಒದ್ದೆ ಚೀಟಿಯ ಮೇಲೆ ಶಾಯಿ ಹರಡುತ್ತದೆ, ಠಸ್ಸೆಯ ಒತ್ತಡಕ್ಕೆ ಚೀಟಿ ಜರುಗುತ್ತದೆ. ನಾನು ಮಾಡುವುದು ಹೀಗೆ. ಮೊದಲು ಕಾರ್ಡಿನಲ್ಲಿ ತಿಳಿ ಬಣ್ಣದ ಜಾಗ ಗುರುತಿಸುತ್ತೇನೆ, ಹೆಚ್ಚಾಗಿ ಅದು ಆಕಾಶ. ಚೀಟಿಯ ಜೊತೆಗೆ ಅರ್ಧ ಠಸ್ಸೆಗಾದರೂ ಅಲ್ಲಿ ಜಾಗ ಬೇಕು. ಕಾಗದದಲ್ಲಿ ಚೀಟಿಯಷ್ಟೇ ಚೌಕ ಮತ್ತು ಠಸ್ಸೆಯಷ್ಟೇ ವೃತ್ತ ಕತ್ತರಿಸಿ ಕಾರ್ಡಿನ ಮೇಲೆ ಇಟ್ಟು ನೋಡಿದರೆ ಗೋಪುರದ ತುದಿ ಮುಚ್ಚುತ್ತದೆಯೇ, ಮುಖದ ಮೇಲೆ ಶಾಯಿ ಬೀಳುತ್ತದೆಯೇ ಎಂದು ಮೊದಲೇ ಗೊತ್ತಾಗುತ್ತದೆ. ಆಮೇಲೆ ಒದ್ದೆ ಸ್ಪಂಜನ್ನು ಹಿಂಡಿ, ಚೀಟಿಯ ಬೆನ್ನನ್ನು ಒಮ್ಮೆ ತಾಗಿಸಿ, ಅಂಚಿಗೆ ನೇರವಾಗಿ ಕೂರಿಸಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ದಪ್ಪ ಪುಸ್ತಕದ ಅಡಿಯಲ್ಲಿ ರಾತ್ರಿ ಬಿಡುತ್ತೇನೆ. ನೀರು ಹೆಚ್ಚಾದರೆ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ. ಹಾಳೆಯ ಅಂಚಿನ ಬಿಳಿ ಪಟ್ಟಿ ಚೀಟಿಗೆ ಅಂಟಿಕೊಂಡಿದ್ದರೆ ಹರಿದು ತೆಗೆಯಿರಿ. ರಾತ್ರಿ ತೆಗೆದ, ಹಿನ್ನೆಲೆ ಪೂರ್ತಿ ಕಪ್ಪಾದ ಕಾರ್ಡುಗಳಿಗೆ ಠಸ್ಸೆ ಕಾಣುವುದೇ ಇಲ್ಲ, ಅವನ್ನು ಮೊದಲೇ ಬಿಟ್ಟುಬಿಡಿ.

ಅಂಚೆ ಕಚೇರಿಗೆ ಜನಸಂದಣಿ ಇಲ್ಲದ ಹೊತ್ತಿಗೆ ಹೋಗಬೇಕು. ಟಪಾಲು ಕಟ್ಟುವ ಗಡಿಬಿಡಿಯಲ್ಲಿ ಯಾರೂ ನಿಧಾನವಾಗಿ ಒತ್ತಿಕೊಡಲಾರರು. ಪೋಸ್ಟ್ ಮಾಸ್ಟರರಿಗೆ ಮುಗಿಸಿದ ಒಂದು ಕಾರ್ಡ್ ತೋರಿಸಿ, ‘ಸಾರ್, ಅರ್ಧ ಚೀಟಿಯ ಮೇಲೆ, ಅರ್ಧ ಕಾರ್ಡಿನ ಮೇಲೆ ಬೀಳಬೇಕು, ಊರಿನ ಹೆಸರೂ ತಾರೀಖೂ ಓದುವ ಹಾಗಿರಬೇಕು’ ಎಂದು ಹೇಳಿದರೆ ಬಾಯಿಮಾತಿನ ವಿವರಣೆಗಿಂತ ಬೇಗ ಅರ್ಥವಾಗುತ್ತದೆ. ಚಿತ್ರದ ಬದಿಗೆ ಚೀಟಿ ಅಂಟಿಸಿದ್ದನ್ನು ನೋಡಿ ಹಲವರು ತಪ್ಪಾಗಿದೆ ಎಂದುಕೊಳ್ಳುತ್ತಾರೆ, ಅದಕ್ಕೂ ಮಾದರಿ ಕಾರ್ಡೇ ಉತ್ತರ.

ಠಸ್ಸೆ ಬೀಳುವ ಆ ಒಂದು ಕ್ಷಣವನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಮೊದಲು ರದ್ದಿ ಕಾಗದದ ಮೇಲೆ ಎರಡು ಮೂರು ಸಲ ಒತ್ತಿಸಿ ನೋಡಿ. ತಾರೀಖಿನ ಅಂಕಿ ಸರಿಯಾಗಿದೆಯೇ, ತಲೆಕೆಳಗಾಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಅಕ್ಷರಗಳ ಸಂದಿಯಲ್ಲಿ ಹಳೆಯ ಶಾಯಿ ಗಟ್ಟಿಯಾಗಿದ್ದರೆ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ಲೋಹದ ಠಸ್ಸೆಗೆ ಕೆಳಗೆ ಸ್ವಲ್ಪ ಮೆತ್ತಗಿರಬೇಕು, ಮಡಿಸಿದ ದಿನಪತ್ರಿಕೆ ಅಥವಾ ತೆಳು ರಬ್ಬರ್ ಹಾಳೆ ಸಾಕು. ಗಟ್ಟಿ ಮೇಜಿನ ಮೇಲೆ ಇಟ್ಟರೆ ವೃತ್ತದ ಒಂದು ಬದಿ ಮಾತ್ರ ಮೂಡುತ್ತದೆ. ರಬ್ಬರಿನ ಚಿತ್ರಮುದ್ರೆಗೆ ಇದಕ್ಕೆ ವಿರುದ್ಧ: ಕೆಳಗೆ ಗಟ್ಟಿಯಾಗಿ ಸಪಾಟಾಗಿರಬೇಕು, ನೇರ ಇಳಿಸಿ ನೇರ ಎತ್ತಬೇಕು, ಹೊಡೆಯಬಾರದು. ಹೊಡೆದರೆ ಗೆರೆಗಳು ಎರಡೆರಡಾಗುತ್ತವೆ. ಚೀಟಿಯ ದಪ್ಪದಿಂದಾಗಿ ಅದರ ಅಂಚಿನ ಪಕ್ಕ ಶಾಯಿ ತಾಗದ ಸಣ್ಣ ಬಿಳಿ ಗೆರೆ ಉಳಿಯುವುದು ಸಹಜ, ಅದಕ್ಕಾಗಿ ಎರಡನೆಯ ಸಲ ಒತ್ತಿಸಲು ಹೋಗಬೇಡಿ.

ಹೊಳಪಿನ ಲೇಪ ಇರುವ ಕಾರ್ಡುಗಳ ಮೇಲೆ ಶಾಯಿ ಇಂಗುವುದಿಲ್ಲ. ಬೆರಳು ತಾಗಿದರೂ ಒರೆಸಿ ಹೋಗುತ್ತದೆ. ಅಂಥವನ್ನು ಒಂದರ ಮೇಲೊಂದು ಇಡದೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಮನೆಗೆ ತಂದು ಒಂದು ದಿನ ಹಾಗೇ ಬಿಡಬೇಕು. ಸಾದಾ ಕಾರ್ಡಾದರೆ ಹದಿನೈದು ನಿಮಿಷ ಆರಲು ಬಿಟ್ಟು ನಡುವೆ ಬಟರ್ ಪೇಪರ್ ಇಟ್ಟು ತರಬಹುದು. ಪ್ರತಿ ವಿಷಯಕ್ಕೂ ಎರಡು ಕಾರ್ಡ್ ಸಿದ್ಧ ಮಾಡಿಕೊಂಡು ಹೋಗಿ, ಒಂದು ಕೆಟ್ಟರೆ ಮತ್ತೆ ಅಷ್ಟು ದೂರ ಹೋಗುವ ಕಷ್ಟ ತಪ್ಪುತ್ತದೆ.

ಹಳೆಯದನ್ನು ಕೊಳ್ಳುವಾಗ ಕಾರ್ಡಿನ ಎರಡೂ ಬದಿ ಓದಬೇಕು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ‘ಕರ್ನಾಟಕ ರಾಜ್ಯ’ ಎಂದು ಅಚ್ಚಾದ ಕಾರ್ಡಿನ ಮೇಲೆ 1960ರ ವಿಶ್ವೇಶ್ವರಯ್ಯ ಚೀಟಿಯ ಮೊದಲ ದಿನದ ಠಸ್ಸೆ ಇದ್ದರೆ ಅದನ್ನು ಯಾರೋ ಆಮೇಲೆ ಸೃಷ್ಟಿಸಿದ್ದಾರೆ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಹಿಂದಿನ ತಾರೀಖಿನ ಠಸ್ಸೆಯಲ್ಲಿ ಆರಂಕಿಯ ಪಿನ್ ಇರಲಾರದು. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಆದರೆ ಆ ದಿನದ ಆಚೆಗೂ ಹಳೆಯ ಹೆಸರಿನ ಠಸ್ಸೆ ಕಂಡರೆ ಅನುಮಾನ ಪಡಬೇಡಿ, ಹೆಸರು ಬದಲಾದ ದಿನವೇ ಠಸ್ಸೆ ಬದಲಾಗುವುದಿಲ್ಲ.

ಇಟ್ಟುಕೊಳ್ಳಲು ಪಿವಿಸಿ ಕವರ್ ಬೇಡ. ಕಾಲ ಕಳೆದಂತೆ ಅದು ಜಿಗುಟಾಗಿ ಠಸ್ಸೆಯ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ತೆಗೆದುಕೊಳ್ಳಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಬಿಸಿಲು ಬಿದ್ದ ದಿನ ನೆರಳಿನಲ್ಲಿ ತೆರೆದು ಗಾಳಿಯಾಡಿಸಬೇಕು.

ಪ್ರದರ್ಶನಕ್ಕೆ ಹಾಕುವುದಾದರೆ ಎ4 ಹಾಳೆಗೆ ಎರಡು ಅಡ್ಡ ಕಾರ್ಡ್ ಸರಿಯಾಗಿ ಕೂರುತ್ತವೆ. 297 ಮಿ.ಮೀ. ಎತ್ತರದಲ್ಲಿ ಕಾರ್ಡುಗಳಿಗೆ 210 ಹೋದರೆ ಶೀರ್ಷಿಕೆಗೂ ಬರಹಕ್ಕೂ 87 ಉಳಿಯುತ್ತದೆ. ಒಂದು ಫ್ರೇಮಿಗೆ 16 ಹಾಳೆ. ಕಾರ್ಡನ್ನು ಹಾಳೆಗೆ ಅಂಟಿಸಬೇಡಿ, ಫೋಟೊ ಮೂಲೆಗಳಲ್ಲಿ ಸಿಕ್ಕಿಸಿ. ಕಾರ್ಡಿನ ಕೆಳಗೆ ಕಣ್ಣಿಗೆ ಕಾಣುವುದನ್ನೇ ಮತ್ತೆ ಬರೆಯುವುದು ಬೇಡ. ಚೀಟಿ ಬಿಡುಗಡೆಯಾದ ದಿನ, ಕಾರ್ಡ್ ಅಚ್ಚು ಮಾಡಿದವರ ಹೆಸರು, ಆ ಊರಿಗೂ ಚಿತ್ರಕ್ಕೂ ಇರುವ ನಂಟು, ಇಷ್ಟು ಮೂರು ಸಾಲಿನಲ್ಲಿ ಬರಲಿ. ಕಾರ್ಡಿನ ಪ್ರಕಾಶಕರ ಹೆಸರು ಇರುವುದು ಹಿಂಬದಿಯಲ್ಲಿ. ಹಾಳೆಗೆ ಸಿಕ್ಕಿಸಿದ ಮೇಲೆ ಅದು ಕಾಣುವುದಿಲ್ಲ, ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿರಿ.