ಕೈ ಸೋಲದ ಗರಗಸ ಹುಡುಕಿದ್ದು

ಜಯನಗರದ ಒಂದು ಮನೆಯ ಹಿತ್ತಲಲ್ಲಿ ಸಂಪಿಗೆ ಮರ ಇದೆ. ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತರೆ, ಅದರ ಕಾಂಡದಲ್ಲಿ ಒಂದೂವರೆ ಅಡಿ ಉದ್ದದ ಗಾಯದ ಗುರುತು ಕಣ್ಣಿಗೆ ನೇರವಾಗಿ ಕಾಣುತ್ತದೆ. ಆ ಗಾಯ ಮಾಡಿದ್ದು ನಾನು.

ಆಗ ನಾನು ಮನೆ ತೋಟಗಳಲ್ಲಿ ಮರ ಸವರುವ ಕೆಲಸ ಶುರು ಮಾಡಿ ಎರಡು ವರ್ಷವಾಗಿತ್ತು. ಎಸ್.ಪಿ. ರಸ್ತೆಯಲ್ಲಿ ಕೊಂಡ ಬಡಗಿ ಗರಗಸ ನನ್ನ ಹತ್ತಿರ ಇತ್ತು. ಮನೆಯವರ ಅಜ್ಜಿ ನೆಟ್ಟ ಮರ ಅದು. ಚಾವಣಿಗೆ ತಾಗುತ್ತಿದ್ದ ಒಂದು ಕೊಂಬೆ ತೆಗೆಯಬೇಕಿತ್ತು. ಕೊಂಬೆಯ ಕೆಳಗಡೆಯಿಂದ ಮೊದಲು ಒಂದು ಗೀರು ಹಾಕಬೇಕು ಅಂತ ನನಗೆ ಗೊತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಐದು ಕೊಂಬೆ ಕತ್ತರಿಸಿ ತೋಳು ನಡುಗುತ್ತಿತ್ತು. ಆ ಗೀರು ಬಿಟ್ಟು ಮೇಲಿನಿಂದಲೇ ಕೊಯ್ದೆ. ಅರ್ಧ ಮುಗಿಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೇ ಬಾಗಿತು. ಚರ್ರ್ ಅಂತ ಸದ್ದು ಬಂತು. ಬಾಳೆನಾರು ಸುಲಿದ ಹಾಗೆ ಕಾಂಡದ ತೊಗಟೆಯನ್ನೂ ಎಳೆದುಕೊಂಡೇ ಕೆಳಗೆ ಬಿತ್ತು. ಒಳಗಿನ ಬಿಳಿ ಮರ ಒದ್ದೆಯಾಗಿ ಹೊಳೆಯುತ್ತಿತ್ತು.

ಅವತ್ತು ರಾತ್ರಿ ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ನನಗೆ ಕೆಲಸ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದನ್ನು ಮಾಡುವಷ್ಟು ಶಕ್ತಿ ಕೈಯಲ್ಲಿ ಉಳಿದಿರಲಿಲ್ಲ. ಅಲ್ಲಿಂದ ಹಗುರ ಗರಗಸದ ಹುಡುಕಾಟ ಶುರುವಾಯಿತು.

ಮೊದಮೊದಲು ನಾನೂ ತಕ್ಕಡಿಯ ಲೆಕ್ಕವನ್ನೇ ಹಾಕಿದೆ. ಕಡಿಮೆ ಗ್ರಾಂ ಇದ್ದರೆ ಸಾಕು ಅಂದುಕೊಂಡು ಒಂದು ಅಗ್ಗದ ಮಡಚುವ ಗರಗಸ ತಂದೆ. ತೂಕ ಕಾಲು ಕಿಲೋಗೂ ಕಡಿಮೆ. ಆದರೆ ಅದರಲ್ಲಿ ಎರಡು ಇಂಚಿನ ಹೊಂಗೆ ಕೊಂಬೆ ಕೊಯ್ಯಲು ಎಪ್ಪತ್ತು ಸಲ ಎಳೆಯಬೇಕಾಯಿತು, ನಾನೇ ಎಣಿಸಿದ್ದೆ. ಮೂರನೇ ವಾರಕ್ಕೆ ಮಡಚುವ ಕೀಲು ಸಡಿಲವಾಗಿ ಅಲಗು ಅಲ್ಲಾಡತೊಡಗಿತು. ತೂಕ ಕಡಿಮೆ ಆದರೂ ಕೈಗೆ ಬಿಡುವು ಸಿಗಲಿಲ್ಲ, ಸುಮ್ನೆ ಎಳೆತ ಜಾಸ್ತಿ ಆಯಿತು.

ಬಡಗಿ ಗರಗಸ ಮರದ ಮೇಲೆ ಯಾಕೆ ಅಷ್ಟು ಸತಾಯಿಸುತ್ತದೆ ಅಂತ ಆಮೇಲೆ ಅರ್ಥವಾಯಿತು. ಅದು ತಳ್ಳಿದಾಗ ಕೊಯ್ಯುವ ಗರಗಸ. ಬಡಗಿ ಹಲಗೆಯ ಮೇಲೆ ಮೊಣಕಾಲೂರಿ, ಮೈಭಾರ ಹಾಕಿ ತಳ್ಳುತ್ತಾನೆ. ಏಣಿಯ ಮೇಲೆ ನಿಂತವನಿಗೆ ಆ ಮೈಭಾರ ಎಲ್ಲಿಂದ ಬರಬೇಕು? ಜೊತೆಗೆ, ತಳ್ಳುವಾಗ ತೆಳುವಾದ ಅಲಗು ಬಾಗಿಬಿಡುತ್ತದೆ. ಅದಕ್ಕೇ ಅಲಗನ್ನು ದಪ್ಪ ಮಾಡಿರುತ್ತಾರೆ. ಅಲಗು ದಪ್ಪವಾದರೆ ಕೊಯ್ತವೂ ಅಗಲ, ಕೊಯ್ತ ಅಗಲವಾದಷ್ಟೂ ಪುಡಿ ಮಾಡಬೇಕಾದ ಮರ ಜಾಸ್ತಿ. ಎಳೆದಾಗ ಕೊಯ್ಯುವ ಗರಗಸದಲ್ಲಿ ಎಳೆತಕ್ಕೆ ಅಲಗು ದಾರದ ಹಾಗೆ ಬಿಗಿಯಾಗುತ್ತದೆ, ಹಾಗಾಗಿ ತೆಳುವಾಗಿದ್ದರೂ ನಡೆಯುತ್ತದೆ. ತಲೆಯ ಮೇಲೆ ಕೈ ಎತ್ತಿದಾಗ ಎಳೆಯುವುದು ತಳ್ಳುವುದಕ್ಕಿಂತ ಸುಲಭ ಅಲ್ವಾ? ತೋಳಿನ ಭಾರವೇ ಕೆಲಸಕ್ಕೆ ಬರುತ್ತದೆ.

ಜಪಾನಿನ ಸಿಲ್ಕಿ ಬ್ರಾಂಡಿನ ಗರಗಸವನ್ನು ಮೊದಲು ಕೈಯಲ್ಲಿ ಹಿಡಿದಿದ್ದು ಇದೇ ಕೆಲಸ ಮಾಡುವ ಗೆಳೆಯರೊಬ್ಬರ ಹತ್ತಿರ. ಅಲಗು 240 ಮಿಲಿಮೀಟರ್, ಮಡಚುವಂಥದ್ದು. ತೂಕ ನನ್ನ ಅಗ್ಗದ ಗರಗಸಕ್ಕಿಂತ ಹೆಚ್ಚುಕಮ್ಮಿ ಏನೂ ಇರಲಿಲ್ಲ. ಅಂಥದ್ದೇ ಹೊಂಗೆ ಕೊಂಬೆಗೆ ಇಟ್ಟು ಎಳೆದೆ. ಇಪ್ಪತ್ತು ಎಳೆತ ಆಗುವ ಮುಂಚೆ ಕೊಂಬೆ ನೆಲದ ಮೇಲಿತ್ತು. ಮರುದಿನವೇ ನಾಲ್ಕು ಸಾವಿರಕ್ಕೂ ಜಾಸ್ತಿ ಕೊಟ್ಟು ನನಗೊಂದು ತರಿಸಿಕೊಂಡೆ. ಆ ದುಡ್ಡು ಕೊಡುವಾಗ ಹೊಟ್ಟೆ ಉರಿದಿದ್ದು ನಿಜ. ಈಗ ಅದರ ನಾಲ್ಕನೇ ಅಲಗು ನಡೆಯುತ್ತಿದೆ, ಹಿಡಿ ಮಾತ್ರ ಇನ್ನೂ ಅದೇ.

ಇಂಥ ಗರಗಸದ ಹಲ್ಲನ್ನು ಹತ್ತಿರದಿಂದ ನೋಡಬೇಕು. ಒಂದೊಂದು ಹಲ್ಲಿಗೂ ಮೂರು ಮುಖದಲ್ಲಿ ಮಸೆದ ಅಂಚು ಇರುತ್ತದೆ. ಹಲ್ಲಿನ ತುದಿ ಮಾತ್ರ ಕಪ್ಪು ನೀಲಿ. ಅಲ್ಲಿಗೆ ಕ್ಷಣಮಾತ್ರ ಬಿಸಿ ಕೊಟ್ಟು ಗಡಸು ಮಾಡಿರುತ್ತಾರೆ, ಉಳಿದ ಅಲಗು ಬಳುಕುವ ಹಾಗೆಯೇ ಉಳಿಯುತ್ತದೆ. ಆ ತುದಿಯನ್ನು ಅರ ಹಾಕಿ ಮಸೆಯಲು ಆಗುವುದಿಲ್ಲ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ಆದ್ದರಿಂದ ಕೊಳ್ಳುವಾಗ ನಾನು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ: ಬದಲಿ ಅಲಗು ಸಿಗುತ್ತದಾ? ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಚೆಂದಚೆಂದದ ಗರಗಸ ಕಾಣುತ್ತವೆ. ಬದಲಿ ಅಲಗು ಇಲ್ಲ ಅಂದರೆ ನಾನು ಮುಂದಕ್ಕೆ ಹೋಗುತ್ತೇನೆ.

ಅಲಗಿನ ಉದ್ದ ಕೊಂಬೆಯ ದಪ್ಪಕ್ಕಿಂತ ಎರಡು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಎಳೆತ ಗಿಡ್ಡವಾಗಿ ಹೊಟ್ಟು ಹೊರಗೆ ಬೀಳುವುದೇ ಇಲ್ಲ. ಮನೆ ತೋಟದ ಸೀಬೆ, ದಾಳಿಂಬೆ, ನಿಂಬೆ, ಮಾವಿನ ಎಳೆ ಕೊಂಬೆಗಳಿಗೆ 240 ಬೇಕಾದಷ್ಟಾಯಿತು. ನಾಲ್ಕೈದು ಇಂಚಿನ ಕೊಂಬೆಗೆ 300 ಮಿಲಿಮೀಟರಿನ ಬಾಗಿದ ಅಲಗು ತೆಗೆಯುತ್ತೇನೆ. ತಲೆಗಿಂತ ಮೇಲಿನ ಕೊಂಬೆಗೆ ಬಾಗು ಅಲಗು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಎದೆ ಎತ್ತರದ ಕೆಲಸಕ್ಕೆ, ಅದರಲ್ಲೂ ಇಕ್ಕಟ್ಟಾದ ಕವಲಿನೊಳಗೆ, ನೇರ ಅಲಗೇ ಸರಿ.

ಹಲ್ಲಿನ ಲೆಕ್ಕ ಬೇರೆ. ನುಗ್ಗೆ, ಗುಲ್‌ಮೊಹರ್ ಥರದ ಮೆದು ಹಸಿ ಮರಕ್ಕೆ ದೊಡ್ಡ ಹಲ್ಲು ಬೇಕು. ಸಣ್ಣ ಹಲ್ಲಾದರೆ ಒದ್ದೆ ಹೊಟ್ಟು ಸಂದಿಯಲ್ಲಿ ಮೆತ್ತಿಕೊಂಡು ಗರಗಸ ಜಾರುತ್ತದೆ. ಸಪೋಟ, ಸೀಬೆ, ಒಣಗಿದ ಹೊಂಗೆ ಇವೆಲ್ಲ ಗಟ್ಟಿ ಮರ, ಇವಕ್ಕೆ ಸಣ್ಣ ಹಲ್ಲು. ಒಂದೇ ಗರಗಸ ಕೊಳ್ಳುವವರಿಗೆ ನಾನು ನಡುವಿನದ್ದನ್ನು ಹೇಳುತ್ತೇನೆ. ಹಲಸಿನ ಮರಕ್ಕೆ ಹೋಗುವಾಗ ಮಾತ್ರ ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೋಗಿ. ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುವುದಿಲ್ಲವಾ, ಅದೇ ಕಾರಣ. ಮೇಣ ಹತ್ತಿದ ಅಲಗು ಎರಡು ಪಟ್ಟು ಭಾರ ಅನಿಸುತ್ತದೆ.

ಹಿಡಿಯ ಬಗ್ಗೆ ಎರಡು ಮಾತು. ಬೆವರಿಗೆ, ಮಳೆಗೆ ಜಾರದ ರಬ್ಬರ್ ಇರಲಿ. ಬಣ್ಣ ಹಸಿರು ಬೇಡ, ಕತ್ತರಿಸಿದ ಸೊಪ್ಪಿನ ರಾಶಿಯಲ್ಲಿ ಬಿದ್ದರೆ ಸಿಗುವುದಿಲ್ಲ.

ಈಗೀಗ ಎಲ್ಲರೂ ಕೇಳುವುದು ಕೈಯಲ್ಲಿ ಹಿಡಿಯುವ ಬ್ಯಾಟರಿ ಚೈನ್ ಗರಗಸದ ಬಗ್ಗೆ. ನಾಲ್ಕು ಇಂಚು, ಆರು ಇಂಚಿನವು. ನನ್ನ ಹತ್ತಿರವೂ ಒಂದಿದೆ, ಬ್ಯಾಟರಿ ಸೇರಿ ಒಂದೂವರೆ ಕಿಲೋ. ಪೆಟ್ರೋಲ್ ಗರಗಸದ ಮುಂದೆ ಅದು ಹಗುರವೇ. ಆದರೆ ಏಣಿಯ ಮೇಲೆ ನಾನು ಅದನ್ನು ಒಯ್ಯುವುದಿಲ್ಲ. ಚೈನ್ ಸುತ್ತುವ ಪಟ್ಟಿಯ ಮೇಲ್ತುದಿ ಯಾವುದಾದರೂ ರೆಂಬೆಗೆ ತಾಗಿದರೆ ಇಡೀ ಯಂತ್ರ ಮುಖದ ಕಡೆಗೆ ಎಗರುತ್ತದೆ. ಸಣ್ಣದಿದೆ ಅಂತ ಜನ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗೆ ಬಿದ್ದ ಕೊಂಬೆ ತುಂಡು ಮಾಡಲು ಅದು ಬಹಳ ಒಳ್ಳೆಯದು, ನಾನು ಅಷ್ಟಕ್ಕೇ ಇಟ್ಟುಕೊಂಡಿದ್ದೇನೆ. ಎರಡು ಕೈಯಲ್ಲಿ ಹಿಡಿದು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು.

ಏಣಿ ಸಾಲದ ಕಡೆ ದೋಟಿಯ ತುದಿಗೆ ಗರಗಸ ಕಟ್ಟುತ್ತೇವೆ. ಹಗುರದ ಬೆಲೆ ನಿಜವಾಗಿ ಗೊತ್ತಾಗುವುದು ಇಲ್ಲಿ. ಎಂಟಡಿ ಆಚೆಗಿನ ನೂರು ಗ್ರಾಂ ಮಣಿಕಟ್ಟಿಗೆ ಕಲ್ಲಿನ ಹಾಗೆ ತೂಗುತ್ತದೆ. ವಿದ್ಯುತ್ ತಂತಿಯ ಹತ್ತಿರ ಮಾತ್ರ ದೋಟಿ ಎತ್ತಲೇಬೇಡಿ. ಅಲ್ಯೂಮಿನಿಯಂ ದೋಟಿಯಲ್ಲಷ್ಟೇ ಅಲ್ಲ, ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮನೆ ಮುಂದಿನ ರಸ್ತೆ ಬದಿಯ ಮರವೂ ನಮ್ಮ ಗರಗಸಕ್ಕೆ ಸೇರಿದ್ದಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಅದರ ಕೆಳಗೆ ಮರದ ಅಧಿಕಾರಿಯ ಅನುಮತಿ ಬೇಕು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿಯುತ್ತದೆ ಅನ್ನೋ ಭಯ ಇದ್ದರೆ ಪಾಲಿಕೆಗೆ ಮೊದಲೇ ಅರ್ಜಿ ಕೊಡಿ.

ಗರಗಸ ಹಗುರಾದ ಮೇಲೆ ನನ್ನ ಕೆಲಸದಲ್ಲಿ ಬದಲಾಗಿದ್ದು ವೇಗ ಅಲ್ಲ, ಕ್ರಮ. ಈಗ ಮೂರು ಕೊಯ್ತವನ್ನೂ ಬಿಡದೆ ಹಾಕುತ್ತೇನೆ. ಕಾಂಡದಿಂದ ಒಂದಡಿ ಆಚೆ ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗ ಮೊದಲು. ಅದರಿಂದ ಎರಡು ಇಂಚು ಹೊರಗೆ ಮೇಲಿನಿಂದ ಎರಡನೆಯದು, ಭಾರವೆಲ್ಲ ಅಲ್ಲಿಗೇ ಕಳಚುತ್ತದೆ. ಉಳಿದ ಮೋಟನ್ನು ಕೊನೆಗೆ, ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯ ಹಾಗೆ ಉಬ್ಬಿರುವ ಜಾಗ ಇರುತ್ತದಲ್ಲ, ಅದರ ಹೊರಗೆ. ಆ ಬಳೆಯನ್ನು ಕೊಯ್ಯಬಾರದು. ಗಾಯ ಮುಚ್ಚುವ ಹೊಸ ಮರ ಬೆಳೆಯುವುದು ಅಲ್ಲಿಂದಲೇ. ಅಮೆರಿಕದ ಅಲೆಕ್ಸ್ ಶೈಗೊ ಅನ್ನೋ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗಾಯಕ್ಕೆ ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಅಂತಲೂ ಹೇಳಿದರು. ಅದನ್ನು ಓದಿದ ಮೇಲೆ ನಾನು ಬಣ್ಣದ ಡಬ್ಬಿ ಒಯ್ಯುವುದು ಬಿಟ್ಟೆ.

ಹೋದ ತಿಂಗಳು ಜಯನಗರದ ಆ ಮನೆಗೆ ಮತ್ತೆ ಹೋಗಿದ್ದೆ. ಸಂಪಿಗೆಯ ಇನ್ನೊಂದು ಮಗ್ಗುಲಲ್ಲಿ ಮಣಿಕಟ್ಟು ದಪ್ಪದ ಕೊಂಬೆ ತೆಗೆಯಬೇಕಿತ್ತು. ಅವತ್ತಿನ ಆರನೇ ಕೊಂಬೆ ಅದು. ಅಡಿಯಿಂದ ಗೀರು ಹಾಕಿದೆ. ಮೇಲಿನಿಂದ ಎಳೆದೆ. ಟಪ್ ಅಂತ ಕಳಚಿ ಹುಲ್ಲಿನ ಮೇಲೆ ಬಿತ್ತು, ತೊಗಟೆಯ ಒಂದು ಎಳೆಯೂ ಬಿಚ್ಚಲಿಲ್ಲ. ಮೋಟು ಕೊಯ್ದು, ಗರಗಸ ಮಡಚಿ ಜೇಬಿಗೆ ಹಾಕಿಕೊಂಡು, ಏಣಿಯನ್ನು ಆ ಕಡೆಗೆ ತಿರುಗಿಸಿ ಹತ್ತಿದೆ. ಹಳೆ ಗಾಯದ ಎರಡು ಅಂಚೂ ತುಟಿಯ ಹಾಗೆ ಉಬ್ಬಿ ಹತ್ತಿರ ಬಂದಿವೆ. ನಡುವೆ ಇನ್ನೂ ಒಂದು ಬೆರಳು ಹೋಗುವಷ್ಟು ಸಂದು ಉಳಿದಿದೆ.