ಟೀಮ್ಸ್‌ನಾಗ ನೂರಾರು ಮಂದಿಗೆ ಒಂದೇ ಸಲ ಪಾಲಿಸಿ ಹಚ್ಚೋದು ಹೆಂಗ?

ಕೊಪ್ಪಳದಾಗ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ಕೆಲಸ ನೋಡ್ಕೋತೀನಿ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಾಲೇಜುಗಳ ಲಾಗಿನ್ನೂ ನನ್ನ ತಲಿ ಮ್ಯಾಲೇ ಅದಾವ. ಆನ್‌ಲೈನ್ ಕ್ಲಾಸಿಗೆ ಅಂತ ಮೈಕ್ರೋಸಾಫ್ಟ್ ಟೀಮ್ಸ್ ಶುರು ಮಾಡಿದ ಮ್ಯಾಲೆ ದಿನಾ ಒಂದು ಫೋನು, "ಸರ, ಆ ಹುಡುಗ ಚಾಟ್‌ನಾಗ ಬರೀ ಮೀಮ್ ಹಾಕಾಕತ್ತಾನ, ಅವಂದು ಬಂದ್ ಮಾಡ್ರಿ." ನಾನೂ ಅವನ ಹೆಸರು ಹುಡುಕಿ, ಪಾಲಿಸಿ ಬದಲಿಸಿ, ಚಹಾ ಕುಡಿಯಾಕ ಎದ್ದು ಹೋಗ್ತಿದ್ದೆ. ಹಿಂಗ ಒಬ್ಬೊಬ್ಬರಿಗೇ ಮಾಡಿದ್ದು ಮುಂದ ನನಗೇ ತಿರುಗಿ ಬಡೀತು, ಅದನ್ನ ಕೆಳಗ ಹೇಳ್ತೀನಿ.

ಪಾಲಿಸಿ ಅಂದ್ರ ಯಾರು ಏನು ಮಾಡಬಹುದು ಅನ್ನೋ ಕಟ್ಟಳೆ, ಅಷ್ಟ. ಮೆಸೇಜಿಂಗ್ ಪಾಲಿಸಿ ಒಳಗ ಚಾಟ್ ಇರಬೇಕೋ ಬ್ಯಾಡೋ, ಕಳಿಸಿದ ಮೆಸೇಜ್ ಅಳಿಸಬಹುದೋ ಇಲ್ಲೋ, ಮೀಮ್ ಸ್ಟಿಕರ್ ಬೇಕೋ ಅಂತ ಇರ್ತಾವ. ಮೀಟಿಂಗ್ ಪಾಲಿಸಿ ಒಳಗ ತಾವೇ ಮೀಟಿಂಗ್ ಶುರು ಮಾಡಬಹುದೋ, ರೆಕಾರ್ಡಿಂಗ್ ಮಾಡಬಹುದೋ ಅನ್ನೋದು. ಆ್ಯಪ್‌ಗೊಂದು, ಕಾಲ್‌ಗೊಂದು ಬ್ಯಾರೆ ಅದಾವ. ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಅಂತ ಇವನ್ನೆಲ್ಲ ಒಂದೇ ಗಂಟು ಕಟ್ಟಿದ ಪಾಲಿಸಿ ಪ್ಯಾಕೇಜೂ ಸಿಗ್ತಾವ, ಮೊದಲ ಸಲ ಕೈ ಹಾಕೋರು ಅದನ್ನ ತೆರೆದು ನೋಡಿದ್ರ ಯಾರಿಗೆ ಏನು ಕೊಡಬೇಕು ಅನ್ನೋ ಅಂದಾಜು ಬರ್ತೈತಿ.

ಈಗ ಎಲ್ಲಾರೂ ಎಡವೋ ಜಾಗಕ್ಕ ಬರೋಣ. ಒಬ್ಬ ಯೂಸರ್‌ಗೆ ಪಾಲಿಸಿ ಮೂರು ದಾರೀಲೆ ಬರ್ತೈತಿ. ಊರಿಗೆಲ್ಲಾ ಡಂಗುರ ಹೊಡೆದು ಸಾರಿದಂಗ ಇರೋದು ಗ್ಲೋಬಲ್ ಪಾಲಿಸಿ. ಓಣಿ ಹಿರಿಯ ತನ್ನ ಓಣಿ ಮಂದಿಗೆ ಹೇಳಿದಂಗ ಇರೋದು ಗ್ರೂಪ್‌ಗೆ ಹಚ್ಚಿದ ಪಾಲಿಸಿ. ಮನ್ಯಾಗ ಅವ್ವ ಕಿವಿ ಹಿಂಡಿ ಹೇಳಿದಂಗ ಇರೋದು ಡೈರೆಕ್ಟ್, ಅಂದ್ರ ಆ ಒಬ್ಬನ ಹೆಸರಿಗೇ ಹಚ್ಚಿದ್ದು. ನಡಿಯೋದು ಯಾರ ಮಾತು? ಅವ್ವಂದು. ಡೈರೆಕ್ಟ್ ಇದ್ರ ಗ್ರೂಪಿನ ಮಾತು ನಡಿಯಂಗಿಲ್ಲ, ಗ್ರೂಪ್ ಇದ್ರ ಗ್ಲೋಬಲ್ ನಡಿಯಂಗಿಲ್ಲ, ಎರಡೂ ಇಲ್ಲದಿದ್ರ ಮಾತ್ರ ಗ್ಲೋಬಲ್.

ನಾನು ಮಾಡ್ಕೊಂಡ ಎಡವಟ್ಟು ಇದೇ. ದ್ವಿತೀಯ ಪಿಯುಸಿ ಹುಡುಗರಿಗೆಲ್ಲಾ ಒಂದು ಗ್ರೂಪ್ ಮಾಡಿ, ತಾವೇ ಮೀಟಿಂಗ್ ಶುರು ಮಾಡದಂಗ ಒಂದು ಪಾಲಿಸಿ ಹಚ್ಚಿ, ಕೆಲಸ ಮುಗೀತು ಅಂತ ಮನಿಗೆ ಹೋದೆ. ಎರಡು ದಿನ ಬಿಟ್ಟು ಗಂಗಾವತಿ ಸರ್ ಫೋನ್ ಮಾಡಿ, "ನಿಮ್ಮ ಪಾಲಿಸಿ ಎಲ್ಲೈತ್ರಿ, ಇಲ್ಲಿ ಹುಡುಗರು ರಾತ್ರಿ ಹತ್ತಕ್ಕೂ ಮೀಟಿಂಗ್ ಮಾಡ್ಕೊಂಡು ಕುಂತಾರ" ಅಂದ್ರು. ತೆರೆದು ನೋಡಿದ್ರ ಅವರು ಪ್ರಥಮ ಪಿಯುಸಿಯಾಗ ಇದ್ದಾಗ ಯಾವುದೋ ಸೆಮಿನಾರ್‌ಗೆ ಅಂತ ನಾನೇ ಒಬ್ಬೊಬ್ಬರಿಗೆ ಡೈರೆಕ್ಟಾಗಿ ಹಚ್ಚಿದ್ದ ಹಳೇ ಪಾಲಿಸಿ ಹಂಗೇ ಕುಂತಿತ್ತು. ಗ್ರೂಪಿಗೆ ಹಚ್ಚಿದ್ದು ತಪ್ಪಿರಲಿಲ್ಲ, ಹಳೇದನ್ನ ಕಿತ್ತದಿದ್ದದ್ದು ತಪ್ಪು.

ಹಂಗಾಗಿ ಮೊದಲ ಕೆಲಸ ಹಳೇ ಡೈರೆಕ್ಟ್ ಕಿತ್ತೋದು. ಟೀಮ್ಸ್ ಅಡ್ಮಿನ್ ಸೆಂಟರ್‌ನಾಗ (ಟೀಮ್ಸ್ ನೋಡ್ಕೊಳ್ಳೋರಿಗೆ ಅಂತ ಇರೋ ವೆಬ್ ಪುಟ) ಯೂಸರ್ ಹೆಸರು ಒತ್ತಿ ಪಾಲಿಸೀಸ್ ಟ್ಯಾಬಿಗೆ ಹೋದ್ರ ಪ್ರತಿ ಪಾಲಿಸಿ ಎಲ್ಲಿಂದ ಬಂದೈತಿ ಅಂತ ತೋರಿಸ್ತೈತಿ. ನಾಲ್ಕೈದು ಮಂದಿ ಆದ್ರ ಅಲ್ಲೇ ಮುಗಿಸ್ರಿ. ನೂರಾರು ಮಂದಿ ಇದ್ರ ಪವರ್‌ಶೆಲ್‌ಗೇ, ಅಂದ್ರ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸೋ ಕಿಟಕಿಗೇ ಹೋಗಬೇಕು, ಹೆದರಬ್ಯಾಡ್ರಿ. ನೋಟ್‌ಪ್ಯಾಡ್‌ನಾಗ ಸಾಲಿಗೊಂದರಂಗ ಲಾಗಿನ್ ಐಡಿ ಬರ್ಕೊಂಡು ಸೇವ್ ಮಾಡ್ರಿ, ಪವರ್‌ಶೆಲ್‌ಗೆ ಟೀಮ್ಸ್ ಕಮಾಂಡ್ ಕೂಡಿಸೋ ಟೀಮ್ಸ್ ಮಾಡ್ಯೂಲ್ ಹಾಕ್ಕೊಂಡು ಅಡ್ಮಿನ್ ಆಗಿ ಲಾಗಿನ್ ಆಗ್ರಿ, ಆಮ್ಯಾಲೆ ಪಟ್ಟಿಯಾಗಿನ ಎಲ್ಲಾರಿಗೂ ಒಂದೇ ಸಲ ಮಾಡೋ ಬ್ಯಾಚ್ ಕಮಾಂಡ್ ಕೊಡ್ರಿ. ಅದರ ಹೆಸರು ಗಿಣಿಗೇರಾ ಕಡೆ ಅದಿರು ಹೊತ್ಕೊಂಡು ಹೋಗೋ ಗೂಡ್ಸ್ ಗಾಡಿಯಷ್ಟು ಉದ್ದ ಐತಿ: ನ್ಯೂ, ಒಂದು ಅಡ್ಡಗೆರೆ, ಆಮ್ಯಾಲೆ ಜಾಗ ಬಿಡದಂಗ ಸಿಎಸ್‌ಬ್ಯಾಚ್‌ಪಾಲಿಸಿಅಸೈನ್‌ಮೆಂಟ್‌ಆಪರೇಷನ್. ಅದಕ್ಕ ಮೂರು ಮಾತು ಹೇಳಬೇಕು, ಯಾವ ತರದ ಪಾಲಿಸಿ, ಪಾಲಿಸಿ ಹೆಸರೇನು, ಯಾರ್‍ಯಾರಿಗೆ. ಪಾಲಿಸಿ ಹೆಸರಿನ ಜಾಗದಾಗ ಡಾಲರ್ ಚಿಹ್ನೆ ಹಾಕಿ ನಲ್ ಅಂತ ಕೊಟ್ರ ಡೈರೆಕ್ಟ್ ಹಚ್ಚಿದ್ದು ಬಿಟ್ಟು ಹೋಗ್ತೈತಿ, ಅದ ಜಾಗದಾಗ ಪಾಲಿಸಿ ಹೆಸರು ಕೊಟ್ರ ಎಲ್ಲಾರಿಗೂ ಅದು ಹತ್ತತೈತಿ.

ಒಂದು ಬ್ಯಾಚಿಗೆ 5,000 ಯೂಸರ್ ತನಕ ನಡೀತೈತಿ. ಕಮಾಂಡ್ ಒತ್ತಿದ ಕೂಡ್ಲೆ ಒಂದು ಆಪರೇಷನ್ ಐಡಿ ಬರ್ತೈತಿ, ಅದನ್ನ ಕಾಪಿ ಮಾಡಿ ಇಟ್ಕೊಳ್ರಿ, ಕೆಲಸ ಹಿಂದ ಸದ್ದಿಲ್ಲದ ನಡೀತಿರ್ತೈತಿ, ಎಷ್ಟು ಮಂದಿಗೆ ಆತು, ಯಾರಿಗೆ ಯಾಕ ಆಗಲಿಲ್ಲ ಅನ್ನೋದನ್ನ ಆಮ್ಯಾಲೆ ಆ ಐಡಿ ಕೊಟ್ಟೇ ಕೇಳಬೇಕು. ನನ್ನ ಪಟ್ಟಿಯಾಗ ಫೇಲಾದವೆಲ್ಲಾ ಹೆಚ್ಚೂಕಡಿಮಿ ಸ್ಪೆಲಿಂಗ್ ತಪ್ಪಿದ ಐಡಿಗಳೇ.

ಕಿತ್ತಾತಲ್ಲ, ಈಗ ಗ್ರೂಪ್. ಮೀಟಿಂಗ್ ಪಾಲಿಸೀಸ್ ಪುಟಕ್ಕ ಹೋಗಿ ಗ್ರೂಪ್ ಪಾಲಿಸಿ ಅಸೈನ್‌ಮೆಂಟ್ ಟ್ಯಾಬ್ ಒತ್ತಿ, ಆಡ್ ಕೊಟ್ಟು, ಗ್ರೂಪ್ ಆರಿಸಿ, ರ್‍ಯಾಂಕ್ ಹಾಕಿ, ಪಾಲಿಸಿ ಆರಿಸಿದ್ರ ಆತು. ರ್‍ಯಾಂಕ್ ಯಾಕ ಅಂದ್ರ ಒಬ್ಬ ಹುಡುಗ ಎರಡು ಗ್ರೂಪಿನಾಗ ಇದ್ದಾಗ ಯಾವುದು ಗೆಲ್ಲಬೇಕು ಅನ್ನೋದಕ್ಕ, 1ನೇ ರ್‍ಯಾಂಕೇ ದೊಡ್ಡದು. ಗ್ರೂಪಿನ ಒಳಗ ಇನ್ನೊಂದು ಗ್ರೂಪ್ ತುರುಕಿದ್ರ ಒಳಗಿನವರಿಗೆ ಪಾಲಿಸಿ ಮುಟ್ಟಂಗಿಲ್ಲ, ನೇರ ಸದಸ್ಯರಿಗಷ್ಟ, ಹಂಗಾಗಿ ಮೂರೂ ಊರಿನ ಗ್ರೂಪ್ ಕೂಡಿಸಿ ಒಂದು ದೊಡ್ಡ ಗ್ರೂಪ್ ಮಾಡೋ ಶ್ಯಾಣ್ಯಾತನ ಬ್ಯಾಡ. 50,000 ಮಂದಿ ತನಕದ ಗ್ರೂಪಿಗೆ ಈ ದಾರಿ ಚಲೋ ಅಂತ ಮೈಕ್ರೋಸಾಫ್ಟ್ ಹೇಳ್ತೈತಿ, ಆದ್ರ ನಮ್ಮ ಕಡೆ ಅಷ್ಟು ದೊಡ್ಡ ಕಾಲೇಜು ಎಲ್ಲೈತ್ರಿ!

ನನ್ನ ಕೇಳಿದ್ರ ವಿದ್ಯಾರ್ಥಿಗಳಿಗೆ ಗ್ರೂಪೇ ಬೇಕು ಗ್ಲೋಬಲ್ಲೇ ಸಾಕು ಅನ್ನೋ ಚರ್ಚೆನೇ ಬ್ಯಾಡ, ಗ್ಲೋಬಲ್‌ನ್ನೇ ಬಿಗಿ ಮಾಡಿ ಇಟ್ಟು, ಶಿಕ್ಷಕರ ಗ್ರೂಪಿಗೆ ಸಡಿಲ ಪಾಲಿಸಿ ಹಚ್ಚಿಬಿಡ್ರಿ. ಜೂನ್‌ನಾಗ ಹೊಸಾ ಅಡ್ಮಿಷನ್ ಬಂದಾಗ ಗ್ರೂಪಿಗೆ ಸೇರಿಸಾಕ ಮರೆತ್ರೂ ಹೊಸಬ ಬಿಗಿ ಪಾಲಿಸಿ ಕೆಳಗೇ ಇರ್ತಾನ. ಉಲ್ಟಾ ಮಾಡಿದ್ರ ಗ್ರೂಪಿಗೆ ಸೇರಿಸಾಕ ಮರೆತ ಹುಡುಗನೊಬ್ಬ ಸಾಕು, ಅವನಿಗೆ ಎಲ್ಲಾ ಸಡಿಲ.

ಇನ್ನೊಂದು, ಬದಲಾವಣೆ ಹತ್ತಾಕ ಕೆಲವು ತಾಸು ಬೇಕು, ಒಮ್ಮೊಮ್ಮೆ 24 ತಾಸು ಹಿಡಿದ್ರೂ ಹಿಡೀತೈತಿ. ಪರೀಕ್ಷೆ ಹಿಂದಿನ ರಾತ್ರಿ ಕುಂತು ಮಾಡಬ್ಯಾಡ್ರಿ. ನಾನಂತೂ ಈಗ ಗಂಗಾವತಿ ಸರ್‌ಗೆ ಮೊದಲೇ ಹೇಳಿಬಿಡ್ತೀನಿ, "ಸರ, ನಾಳೆ ಇದೇ ಹೊತ್ತಿಗೆ ನೋಡ್ರಿ, ಆಮ್ಯಾಲೆ ಫೋನ್ ಮಾಡ್ರಿ."